ಸುಮ್ಮನೆ ಓದುವವಳು

ತಂಗಿ ಎದ್ದು ಹೋಗಿ ಆ ಹೆಂಗಸಿನ ಕೈಯಿಂದ ದಿಂಬನ್ನು ಕಿತ್ತುಕೊಂಡಳು.

"ಬಿಡಿ, ನಾನು ಸರಿ ಮಾಡ್ತೀನಿ," ಎಂದಳು. "ನಾನು ಅವಳ ಒಡಹುಟ್ಟಿದ ತಂಗಿ."

ಹೆಂಗಸು ಹಿಂದೆ ಸರಿದಳು. ಅವಳು ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ನರ್ಸು, ದಪ್ಪ ಮೈಯವಳು, ಬೆಳಗಿನಿಂದ ಅತ್ತು ಅತ್ತು ಮೂಗು ಕೆಂಪಾಗಿತ್ತು. "ಕತ್ತು ಒಂದ್ಕಡೆ ವಾಲಿತ್ತಮ್ಮ. ಅಕ್ಕಂಗೆ ನೋವಾಗುತ್ತೇನೋ ಅಂತ," ಎಂದವಳು ಸತ್ತವಳ ಬಗ್ಗೆ ಆಡಿದ್ದು ಎಂಥ ಮಾತೆಂದು ತನಗೇ ಹೊಳೆದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಕ್ಕ ಅಂತೆ, ಅಕ್ಕ. ಬೆಳಗಿನಿಂದ ತಂಗಿಯ ಮೈ ಉರಿಸುತ್ತಿದ್ದದ್ದು ಇದೊಂದೇ ಮಾತು. ಬಾಗಿಲು ದಾಟಿ ಒಳಗೆ ಬಂದವರೆಲ್ಲ ಅಕ್ಕಾ ಎಂದೇ ಬಾಯಿ ತೆರೆಯುತ್ತಿದ್ದರು. ನರ್ಸುಗಳು, ಲ್ಯಾಬಿನವರು, ಔಷಧಿ ಅಂಗಡಿಯವರು, ತಲೆ ಪೂರ್ತಿ ನರೆತ ಗಂಡಸರು ಕೂಡ. ಹೆತ್ತವರು ಹುಟ್ಟಿಸಿದ್ದು ಇಬ್ಬರನ್ನು. ಅಕ್ಕ ಎಂದು ಕರೆಯುವ ಹಕ್ಕು ಹುಟ್ಟಿನಿಂದ ಬಂದದ್ದು ತನಗೊಬ್ಬಳಿಗೆ. ಅದನ್ನು ಊರೆಲ್ಲ ಸೇರಿ ಹಂಚಿಕೊಂಡು ಅಳುತ್ತಿದ್ದರೆ ಯಾರಿಗೆ ತಾನೇ ಹೊಟ್ಟೆ ತಣ್ಣಗಿರುತ್ತದೆ?

ಹಾಲಿನ ಮೂಲೆಯ ಕುರ್ಚಿಯಲ್ಲಿ ಭಾವ ಕೂತಿದ್ದ. ಬಸ್ ಓಡಿಸಿ ನಿವೃತ್ತನಾದವನು, ಒಬ್ಬೊಬ್ಬರು ಬಂದು ಕೈ ಹಿಡಿದಾಗಲೂ ಅದೇ ಮಾತು ಹೇಳುತ್ತಿದ್ದ. "ರಾತ್ರಿ ಮಲಗಿದ್ಲು. ಬೆಳಗ್ಗೆ ಏಳ್ಲಿಲ್ಲ. ಯಾರಿಗೂ ತೊಂದ್ರೆ ಕೊಡ್ಲಿಲ್ಲ." ಮಣ್ಣಿಗೆ ಒಯ್ಯುವ ಗಾಡಿ ಬರುವುದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಬಂದವರು ಮಾಡುವುದೇನು? ಮಂಚದ ಸುತ್ತ ಕೂತು ಮಾತಾಡುತ್ತಿದ್ದರು. ಮಾತೆಲ್ಲ ಒಂದೇ, ಅಕ್ಕ ತಮಗೆ ಓದು ಹತ್ತಿಸಿದ ಕತೆ.

ಅಕ್ಕ ವಾರ್ಡಿನಲ್ಲಿ ನರ್ಸಾಗಿದ್ದು, ಆಮೇಲೆ ಆಸ್ಪತ್ರೆಯ ತರಬೇತಿ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಮನೆಯ ವರಾಂಡದಲ್ಲೇ ಫೇಲಾದವರನ್ನು ಕೂರಿಸಿಕೊಳ್ಳುತ್ತಿದ್ದಳು. ಹೊಸಬರು ಬಂದರೆ ಮೊದಲು ಪುಸ್ತಕ ಮುಟ್ಟಿಸುತ್ತಿರಲಿಲ್ಲವಂತೆ. ಅವರು ಉಣ್ಣುವುದನ್ನು, ನಡೆಯುವುದನ್ನು, ಹರಟುವುದನ್ನು ಕೂತು ನೋಡುತ್ತಿದ್ದಳಂತೆ. ಆಮೇಲೆ ಇವರಿಗೆ ಪಾಠ ಯಾವ ಕಡೆಯಿಂದ ಒಳಗೆ ಹೋಗುತ್ತದೆ ಎಂದು ಹೇಳುತ್ತಿದ್ದಳಂತೆ.

"ನಂಗೆ ಮೂಳೆಗಳ ಹೆಸರು ಜಪ್ಪಯ್ಯ ಅಂದ್ರೂ ನಿಲ್ತಿರ್ಲಿಲ್ಲ," ಎಂದಳು ಹಿರಿಯ ನರ್ಸು. "ಅಕ್ಕ ನೋಡೋವಷ್ಟು ನೋಡಿ, 'ನೀನು ಕೂತ್ರೆ ನಿನ್ನ ತಲೇನೂ ಕೂತ್ಬಿಡುತ್ತೆ ಕಣೆ, ಎದ್ದು ನಡಿ' ಅಂದ್ರು. ಹಾಸ್ಟೆಲಿನ ಮೆಟ್ಟಿಲು ಹತ್ತುತ್ತಾ ಓದಿದೆ. ಕೆಳಗಿನ ಮೆಟ್ಟಿಲಿಗೆ ಕಾಲ್ಬೆರಳು, ಮೇಲಿನ ಮೆಟ್ಟಿಲಿಗೆ ತಲೆಬುರುಡೆ. ಈಗ್ಲೂ ಮೆಟ್ಟಿಲು ಹತ್ತಿದ್ರೆ ಬಾಯಲ್ಲಿ ಮೂಳೆ ಬರುತ್ತೆ."

"ನಿಮ್ದು ಮರ್ಯಾದೆಯ ದಾರಿ," ಎಂದ ಲ್ಯಾಬಿನವನು. ಅವನು ಬಡಕಲ, ಕತ್ತಿನಲ್ಲಿ ಕನ್ನಡಕ ನೇತುಹಾಕಿಕೊಂಡಿದ್ದ. "ನಂದು ಜಗಳದ್ದು. ಯಾರಾದ್ರೂ ಸರಿಯಾಗಿ ಪಾಠ ಹೇಳಿದ್ರೆ ನಂಗೆ ನಿದ್ದೆ. ತಪ್ಪು ಹೇಳಿದ್ರೆ ಮೈಯೆಲ್ಲ ಎಚ್ಚರ. ಅದು ಗೊತ್ತಾಗಿದ್ದೇ ತಡ, ಅಕ್ಕ ಬೇಕಂತಲೇ ತಪ್ಪು ಹೇಳೋಕೆ ಶುರು ಮಾಡಿದ್ರು. 'ರಕ್ತ ತಯಾರಾಗೋದು ಹೊಟ್ಟೇಲಿ' ಅನ್ನೋರು. ನಾನು ಪುಸ್ತಕ ಹುಡುಕಿ ತಂದು ಮುಖಕ್ಕೆ ಹಿಡಿದು ವಾದ ಮಾಡೋನು. ಸೋತೆ ಅಂತ ಒಪ್ಕೊಳ್ದೆ ಇನ್ನೊಂದು ತಪ್ಪು ಎಸೆಯೋರು. ಹಂಗೆ ದಿನಾ ಜಗಳ ಆಡಿ ಆಡಿ ಪಾಸಾದೆ." ಅವನು ನಗಲು ಹೋಗಿ ಅತ್ತುಬಿಟ್ಟ.

ತಂಗಿ ದಿಂಬು ಸರಿಮಾಡಿ ಅಲ್ಲೇ ಮಂಚದ ತಲೆಗಡೆ ಕೂತಳು, ಆ ಜಾಗವನ್ನು ಇನ್ನಾರೂ ಹಿಡಿಯದಂತೆ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಕೇಳಿದಳು, "ನೀವು ಅಕ್ಕಂಗೆ ಏನಾಗ್ಬೇಕು?"

"ತಂಗಿ."

"ನಾವೆಲ್ಲ ತಂಗೀರೇ ಅಲ್ವಾ," ಎಂದು ಆ ಹೆಂಗಸು ಅವಳ ಬೆನ್ನು ಸವರಿದಳು.

ತಂಗಿ ಬೆನ್ನನ್ನು ಆಚೆ ಸರಿಸಿದಳು. ಇವರೊಬ್ಬೊಬ್ಬರ ದಾರಿಯನ್ನೂ ಕೂತು ಹುಡುಕಿದ ಅಕ್ಕ, ಒಂದೇ ಹಾಸಿಗೆಯಲ್ಲಿ ಮಲಗಿದ ತಂಗಿಯನ್ನು ಮಾತ್ರ ಏನೆಂದು ಕೇಳಲಿಲ್ಲ. ತನ್ನ ಇಡೀ ಬದುಕಿನ ದಿಕ್ಕು ತಪ್ಪಿಸಿದ ಒಂದು ಪರೀಕ್ಷೆಯ ಬಗ್ಗೆ ಅವಳು ಎಂದಾದರೊಂದು ದಿನ ಬಾಯಿ ಬಿಟ್ಟಾಳೆಂದು ತಂಗಿ ತಲೆ ನರೆಯುವ ತನಕ ಕಾದಿದ್ದಳು. ವಾರಕ್ಕೊಮ್ಮೆ ಅಕ್ಕನ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದಳು. ಮಂಡಿನೋವು, ಪಕ್ಕದ ಮನೆಯವರ ನಾಯಿ, ಭಾವನ ಗೊರಕೆ, ಎಲ್ಲವೂ ಮಾತಿಗೆ ಬರುತ್ತಿತ್ತು, ಅದೊಂದನ್ನು ಬಿಟ್ಟು. ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ? ಇನ್ನು ಕೇಳುವುದು ಯಾರನ್ನು?

*

ಇಬ್ಬರೂ ಚಿಕ್ಕವರಿದ್ದಾಗ ಅಮ್ಮ ಒಂದು ಲಾಡ್ಜಿನ ಬಟ್ಟೆ ಒಗೆದು ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಮನೆಯ ಒಂದು ಕೋಣೆ ತುಂಬ ಹಾಸುಬಟ್ಟೆಯ ಗಂಟುಗಳು, ಇನ್ನೊಂದರಲ್ಲಿ ನಾಲ್ಕು ಜನ. ಅಕ್ಕ ಏಳನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು, ಮತ್ತೆ ಡುಮ್ಕಿ ಹೊಡೆದು, ಕೊನೆಗೆ ತಂಗಿಯ ಬೆಂಚಿಗೇ ಬಂದು ಕೂತಳು. ಪುಸ್ತಕ ಹಿಡಿದು ಕೂತರೆ ಸಂಜೆಯಿಂದ ದೀಪ ಆರಿಸುವವರೆಗೆ ಕೂರುತ್ತಿದ್ದಳು, ಒಂದು ಸಾಲೂ ಹತ್ತುತ್ತಿರಲಿಲ್ಲ. ಹೋರಿಯ ಹಾಲು ಕರೆಯಹೋದಂತೆ ಎಂದು ಅಪ್ಪ ನಿಟ್ಟುಸಿರು ಬಿಡುತ್ತಿದ್ದ.

ತಂಗಿಯದು ಬೇರೆ ಲೆಕ್ಕ. ಅವಳು ತುಟಿ ಅಲ್ಲಾಡಿಸದೆ ಒಂದು ಸಲ ಪುಟದ ಮೇಲೆ ಕಣ್ಣು ಹಾಯಿಸಿದರೆ ಸಾಕು. ಆಮೇಲೆ ಕಣ್ಣು ಮುಚ್ಚಿದಾಗ ಪುಟ ಇದ್ದ ಹಾಗೇ ಎದುರು ನಿಲ್ಲುತ್ತಿತ್ತು, ಮೂಲೆಯ ಎಣ್ಣೆ ಕಲೆಯ ಸಮೇತ. ಇದು ಎಲ್ಲರಿಗೂ ಹಾಗೇ ಎಂದು ಅವಳು ತಿಳಿದಿದ್ದಳು, ಅಕ್ಕ ದಡ್ಡಿ ಎಂದೂ ತಿಳಿದಿದ್ದಳು. ಆಗ ಇಬ್ಬರೂ ಚೆನ್ನಾಗಿದ್ದರು.

ಒಂದು ಸಂಜೆ ಅಮ್ಮನಿಗೆ ರೇಗಿತು. "ಓದಿ ಉದ್ಧಾರ ಮಾಡಿದ್ದು ಸಾಕು, ಎದ್ದು ಬಟ್ಟೆನಾದ್ರೂ ಮಡಿಸು," ಎಂದು ಗಂಟು ಎಸೆದಳು. ಅಕ್ಕ ಮೂಗು ಸೇದುತ್ತಾ ಪುಸ್ತಕವನ್ನು ಪಕ್ಕಕ್ಕೆ ತೆರೆದಿಟ್ಟುಕೊಂಡು ಹಾಸುಬಟ್ಟೆ ಹರಡಿದಳು. ಒಂದು ಸಾಲು ಗೊಣಗುವುದು, ಒಂದು ಮಡಿಕೆ ಹಾಕುವುದು. ಯಾರೂ ಗಮನಿಸಲಿಲ್ಲ.

ಮರುದಿನ ಮೇಷ್ಟರು ಹೃದಯದಲ್ಲಿ ರಕ್ತ ಓಡಾಡುವ ಬಗೆ ಕೇಳಿದರು. ಕೇಳಿದ್ದು ತಮಾಷೆಗೆ, ಅಕ್ಕನನ್ನು ಎಬ್ಬಿಸಿದರೆ ಕ್ಲಾಸಿಗೆ ಒಂದು ನಗು ಗ್ಯಾರಂಟಿ. ಅಕ್ಕ ಎದ್ದು ನಿಂತಳು. ಅವಳ ಕೈಗಳು ಗಾಳಿಯಲ್ಲಿ ಇಲ್ಲದ ಬಟ್ಟೆಯನ್ನು ಹಿಡಿದವು. ಬಲದ ಮೇಲಿನ ಕೋಣೆ ಎಂದು ಒಂದು ಮೂಲೆ, ಬಲದ ಕೆಳಗಿನ ಕೋಣೆ ಎಂದು ಇನ್ನೊಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ತಿರುಗಿ ಎಡಕ್ಕೆ. ಹುಡುಗಿಯರು ಕಿಸಿಕಿಸಿ ನಕ್ಕರು. ಅಕ್ಕ ನಾಲ್ಕು ಮಡಿಕೆ ಮುಗಿಸಿ ಕೈ ಕೆಳಗಿಳಿಸಿದಾಗ ಮೇಷ್ಟರ ಬಾಯಿ ಮುಚ್ಚಿರಲಿಲ್ಲ.

ಆ ವರ್ಷ ಅವಳು ಪಾಸಾದಳು, ಗಡಿ ಮುಟ್ಟಿ ಉಸಿರು ಬಿಟ್ಟ ಹಾಗೆ. ಅಪ್ಪ ಗಡಿಯಾರದ ಅಂಗಡಿಯ ಕೆಲಸಗಾರ. ಎಂದೂ ರಜೆ ಕೇಳದವನು ಅಂದು ಅರ್ಧ ದಿನ ರಜೆ ಹಾಕಿ ಅವಳಿಗೆ ಹೊಸ ಪೆನ್ನು ತಂದ, ಬೀದಿಯ ಮನೆಮನೆಗೂ ಹೋಗಿ ಸುದ್ದಿ ಹೇಳಿದ. ತಂಗಿ ತನ್ನ ಅಂಕಪಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಶಾಲೆಗೇ ಮೊದಲನೆಯವಳು.

"ನೀನು ಬಿಡು, ಹೇಗೂ ಬರ್ತೀಯ," ಎಂದು ಅಪ್ಪ ಅವಳ ತಲೆ ತಟ್ಟಿ ಮುಂದಿನ ಮನೆಗೆ ನಡೆದ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಆ ಹೊತ್ತು ಅವಳಿಗೆ ಚೆನ್ನಾಗಿ ಅರ್ಥವಾಯಿತು. ಅಂದಿನಿಂದ ಅವಳಿಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅದು ಆರಲೇ ಇಲ್ಲ, ಆರಲು ಯಾರೂ ಬಿಡಲೂ ಇಲ್ಲ.

*

ಯಾರೋ ಕಾಗದದ ಲೋಟಗಳಲ್ಲಿ ಚಹಾ ತಂದರು. ತಂಗಿ ಬೇಡವೆಂದಳು. ಭಾವ ತನ್ನ ಲೋಟವನ್ನು ತಂದು ಅವಳ ಕೈಗಿಟ್ಟ.

"ಕುಡಿ. ಬೆಳಗ್ಗಿಂದ ಏನೂ ತಗೊಂಡಿಲ್ಲ ನೀನು."

"ಎಷ್ಟು ಜನ ಭಾವ," ಎಂದಳು ತಂಗಿ.

"ಇನ್ನೂ ಬರ್ತಾರೆ. ಬಸ್ಸಲ್ಲಿದೀವಿ, ಕಾಯಿರಿ ಅಂತ ಫೋನ್ ಮಾಡ್ತಾನೇ ಇದ್ದಾರೆ." ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

ತಾನು ಸತ್ತ ದಿನ ತನ್ನ ಮನೆಯ ಮುಂದೆ ಹೀಗೆ ಎಷ್ಟು ಚಪ್ಪಲಿ ಬಿದ್ದಾವು? ತಂಗಿ ಯೋಚಿಸಿದಳು. ತಾನು ದುಡಿದ ಪ್ರೆಸ್ಸಿನ ಹಳೆಯ ಮ್ಯಾನೇಜರು ಬಂದಾರು, ಬದುಕಿದ್ದರೆ. ಮದುವೆ ಮಾಡಿಕೊಳ್ಳಲಿಲ್ಲ, ಮಕ್ಕಳಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪ್ರೂಫ್ ತಿದ್ದುವವಳಿಗೆ ಗೆಳೆಯರಾದರೂ ಎಲ್ಲಿಂದ? ಬೇರೆಯವರ ಪುಸ್ತಕದಲ್ಲಿ ಅವಳ ಕೆಲಸ ಕಾಣುವುದು ಅವಳು ತಪ್ಪಿದಾಗ ಮಾತ್ರ. ಸತ್ತವಳ ಮೇಲೂ ಅಸೂಯೆಯೇ ಎಂದು ಒಂದು ಕ್ಷಣ ನಾಚಿದಳು. ಆದರೆ ನಾಚಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಬಾಗಿಲಲ್ಲಿ ಇನ್ನೊಬ್ಬರು ಅಕ್ಕಾ ಎಂದು ಅಳುತ್ತಾ ಬಂದರು.

*

ಪಿಯುಸಿಯ ಕೊನೆಯ ಪರೀಕ್ಷೆಯ ವರ್ಷ. ಅದರ ಅಂಕದ ಮೇಲೆ ಡಾಕ್ಟರ್ ಓದು ನಿಂತಿತ್ತು, ತಂಗಿಗೆ ಸೀಟು ಸಿಗುವುದರಲ್ಲಿ ಮೇಷ್ಟರಿಗೂ ಅನುಮಾನವಿರಲಿಲ್ಲ. ಆದರೆ ಅಕ್ಕನ ಅಂಕಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದವು. ಏರಿದಷ್ಟೂ ಮನೆಯಲ್ಲಿ ಅವಳದೇ ಮಾತು. ತಂಗಿಯ ತಲೆಗೆ ಒಂದು ಯೋಚನೆ ಹೊಕ್ಕಿತು. ದಡ್ಡಿಯಾದ ಅಕ್ಕನಿಗೇ ಈ ಬಟ್ಟೆ ಮಡಿಸುವುದು ಇಷ್ಟು ಕೊಟ್ಟರೆ, ಮೊದಲೇ ಜಾಣೆಯಾದ ತನಗೆ ಎಷ್ಟು ಕೊಡಲಿಕ್ಕಿಲ್ಲ?

ಮೊದಲು ಅಕ್ಕ ಇಲ್ಲದಾಗ ಮಡಿಸಿ ನೋಡಿದಳು. ಆಮೇಲೆ ಅವಳ ಪಕ್ಕದಲ್ಲೇ ಗಂಟು ಬಿಚ್ಚಿಕೊಂಡು ಕೂತಳು. ಅಮ್ಮನಿಗೆ ಕೆಲಸ ಹಗುರಾಯಿತೆಂದು ಖುಷಿ. ಅಕ್ಕ ಏನೂ ಕೇಳಲಿಲ್ಲ. ತನ್ನ ಬಟ್ಟೆ ಸ್ವಲ್ಪ ಆಚೆ ಎಳೆದುಕೊಂಡು ತಂಗಿಗೆ ಜಾಗ ಮಾಡಿಕೊಟ್ಟಳು.

ಪರೀಕ್ಷೆಯ ಹಾಲಿನಲ್ಲಿ ತಂಗಿ ಪ್ರಶ್ನೆ ಓದಿ ಕಣ್ಣು ಮುಚ್ಚಿದಳು. ಪುಟ ಬರಲಿಲ್ಲ. ಬಂದದ್ದು ಒಂದು ಬಿಳಿಯ ಹಾಸುಬಟ್ಟೆ, ಇಸ್ತ್ರಿ ಹಾಕಿದ್ದು, ಅದರ ಮೇಲೆ ಒಂದಕ್ಷರವೂ ಇಲ್ಲ. ಗಾಬರಿಯಿಂದ ಕೈಗಳಿಗೆ ಕೇಳಿದಳು. ಕೈಗಳು ಮಡಿಸುವುದನ್ನು ಕಲಿತಿದ್ದವು, ಪಾಠವನ್ನು ಕಲಿತಿರಲಿಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಬರೆಯಲಾಗದೆ ಬಂದದ್ದಕ್ಕೆ ಮನೆಯಲ್ಲಿ ಜ್ವರವೆಂದಳು. ಅಪ್ಪ ನಂಬಿದ, ಅಮ್ಮ ಗಂಜಿ ಕುಡಿಸಿದಳು. ಅಕ್ಕನಿಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಿತು. ತಂಗಿಗೆ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ವರ್ಷ ಕಳೆದ ಮೇಲೆ ಒಂದು ದಿನ ಕಣ್ಣು ಮುಚ್ಚಿದಾಗ ಪುಟಗಳು ಮೊದಲಿನಂತೆ ತಿರುಗಿ ಬಂದಿದ್ದವು. ಆದರೆ ಹೋದ ಬಸ್ಸು ಹೋಗಿಯಾಗಿತ್ತು.

*

"ಒಡಹುಟ್ಟಿದ ತಂಗಿ ಅಂದ್ರಲ್ಲ ಆಗ," ಎಂದಳು ಹಿರಿಯ ನರ್ಸು ಇದ್ದಕ್ಕಿದ್ದಂತೆ. ಬೆಳಗಿನಿಂದ ಅವಳು ತಂಗಿಯ ಮುಖವನ್ನೇ ನೋಡುತ್ತಿದ್ದಳು. "ಆ ಬಟ್ಟೆ ಮಡಿಸಿದ ತಂಗಿ ನೀವೇನಾ?"

ಎಲ್ಲರೂ ತಂಗಿಯ ಕಡೆ ತಿರುಗಿದರು. ಪುಸ್ತಕದಲ್ಲಿ ಮಾತ್ರ ಓದಿದ್ದನ್ನು ಎದುರಿಗೆ ಕಂಡವರ ಕುತೂಹಲ ಆ ಕಣ್ಣುಗಳಲ್ಲಿತ್ತು.

"ಯಾವ ಬಟ್ಟೆ?" ಎಂದಳು ತಂಗಿ. ಲೋಟದ ಚಹಾ ಸೀರೆಯ ಮೇಲೆ ಚೆಲ್ಲಿತು.

"ಅಕ್ಕ ಪ್ರತಿ ಬ್ಯಾಚಿಗೂ ಮೊದಲ ದಿನ ನಿಮ್ಮ ಕತೆನೇ ಹೇಳೋರು. 'ನನ್ನ ತಂಗಿ ಕಣ್ಣಲ್ಲೇ ಓದೋಳು, ನಮ್ಮ ಶಾಲೇಲಿ ಅವಳಂಥೋಳು ಇನ್ನೊಬ್ಬಳು ಇರ್ಲಿಲ್ಲ. ನನ್ನ ನೋಡಿ ಬಟ್ಟೆ ಮಡಿಸೋಕೆ ಬಂದು ಕೆಟ್ಲು. ಅದಕ್ಕೇ ನೀವ್ಯಾರೂ ಪಕ್ಕದವಳನ್ನ ನೋಡಿ ಓದ್ಬೇಡಿ, ನಿಮ್ಮದು ಯಾವ್ದು ಅಂತ ಮೊದಲು ಹುಡುಕಿ' ಅಂತ."

"ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು?" ಎಂದ ಲ್ಯಾಬಿನವನು. "ಪಕ್ಕದಲ್ಲೇ ಕೂತು ಮಡಿಸ್ತಿದ್ರಂತಲ್ಲ. 'ಅವಳಿಗೆ ಚೆನ್ನಾಗಿ ಕಾಣ್ಲಿ ಅಂತ ನಾನು ನಿಧಾನವಾಗಿ ಮಡಿಸ್ದೆ' ಅನ್ನೋರು."

"ಈಗ್ಯಾಕಪ್ಪಾ ಅದು," ಎಂದು ನರ್ಸು ಅವನನ್ನು ತಿವಿದಳು.

"ಹೇಳಿ," ಎಂದಳು ತಂಗಿ. "ಪೂರ್ತಿ ಹೇಳಿ."

ಅವನು ನೆಲ ನೋಡುತ್ತಾ ಹೇಳಿದ. "'ಹುಟ್ಟಿದಾಗಿಂದ ಎಲ್ಲರೂ ನಂಗೆ ನಿನ್ನ ತಂಗಿನ ನೋಡಿ ಕಲಿ ಅಂದ್ರು. ಅದೊಂದೇ ಸಲ ಅವಳು ನನ್ನ ನೋಡಿದ್ಲು. ಇದು ನಿಂಗಲ್ಲ ಕಣೆ ಅಂತ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ.' ಹಿಂಗೇ ಹೇಳೋರು. ಪ್ರತಿ ವರ್ಷಾನೂ."

ತಂಗಿ ಅಕ್ಕನ ಮುಖ ನೋಡಿದಳು. ಆ ಮುಖಕ್ಕೆ ಎರಡು ಬಾರಿಸಬೇಕೆನ್ನಿಸಿತು. ಯಾರಿಗೂ ತಿಳಿಯದಂತೆ ತಾನು ಹೊಟ್ಟೆಯಲ್ಲಿಟ್ಟುಕೊಂಡ ಸೋಲನ್ನು ಇವಳು ವರ್ಷ ವರ್ಷ ಬೆಂಚುಗಳ ಮುಂದೆ ಹರಡಿದ್ದಾಳೆ. ಈ ಜನಕ್ಕೆಲ್ಲ ಹೇಳಲು ಬಾಯಿ ಬಂತು, ವಾರವಾರ ಎದುರಿಗೆ ಕೂತು ಉಂಡವಳಿಗೆ ಹೇಳಲು ಬರಲಿಲ್ಲ. ಹೇಳಿದ್ದರೆ ತಾನು ಕೂಗಾಡುತ್ತಿದ್ದಳು, ತಟ್ಟೆ ಎಸೆಯುತ್ತಿದ್ದಳು, ಆಮೇಲೆ ಇಬ್ಬರೂ ಅತ್ತು ಮುಗಿಸುತ್ತಿದ್ದರು. ಲ್ಯಾಬಿನವನಿಗೆ ದಿನವೂ ಸಿಕ್ಕ ಜಗಳ ತನಗೆ ಒಂದು ದಿನವೂ ಸಿಗಲಿಲ್ಲ. ಅದನ್ನು ನೆನೆದು ಅವಳಿಗೆ ಅವನ ಮೇಲೂ ಹೊಟ್ಟೆ ಉರಿಯಿತು.

"ಅಂದ್ರೆ ನಾನು ಫೇಲಾಗಿ ನೀವೆಲ್ಲ ಪಾಸಾದ್ರಿ," ಎಂದಳು.

ನರ್ಸು ಎದ್ದು ಬಂದು ಚೆಲ್ಲಿದ ಚಹಾ ಒರೆಸಿದಳು. ಅವಳಂಥವಳು ಇನ್ನೊಬ್ಬಳಿರಲಿಲ್ಲ ಎಂಬ ಮಾತನ್ನು ತಂಗಿ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಈ ಮಾತು ಅಪ್ಪನ ಬಾಯಿಂದ ಬರಲೆಂದು ಕಾದಿದ್ದಳು. ಬಂದದ್ದು ಅಕ್ಕನ ಬಾಯಿಂದ, ಅದೂ ತನ್ನ ಬೆನ್ನ ಹಿಂದೆ. ಆಗ ಅವಳಿಗೆ ಅಳು ಬಂತು, ಬೆಳಗಿನಿಂದ ಮೊದಲನೆಯ ಸಲ. ದುಃಖ ಎಷ್ಟು, ಸಿಟ್ಟು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

ಗಾಡಿ ಬಂತು. ಅಕ್ಕನ ಪಕ್ಕದ ಸೀಟಿಗೆ ಹತ್ತಲು ಹೊರಟಿದ್ದ ನಾಲ್ಕಾರು ಜನ ತಂಗಿಯನ್ನು ಕಂಡು ಇಳಿದು ಜಾಗ ಬಿಟ್ಟರು. ದಾರಿಯುದ್ದಕ್ಕೂ ಅವಳು ಅಕ್ಕನ ತಲೆ ಅಲುಗದಂತೆ ಹಿಡಿದುಕೊಂಡೇ ಬಂದಳು, ಬಾಯಲ್ಲಿ ಮಾತ್ರ ಮೆಲ್ಲಗೆ ಬೈಯುತ್ತಿದ್ದಳು. ಮುಂದೆ ಕೂತ ಭಾವನಿಗೆ ಅದು ಕೇಳಿಸಿದರೂ ಅವನು ತಿರುಗಿ ನೋಡಲಿಲ್ಲ. ಮಣ್ಣು ಮುಚ್ಚಿ ಆಯಿತು.

*

ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ವರಾಂಡದ ಬೆಂಚಿನ ತುದಿಯಲ್ಲಿ ಒಬ್ಬಳು ಹುಡುಗಿ ಚೀಲ ತಬ್ಬಿಕೊಂಡು ಕೂತಿದ್ದಳು. ಬೆಳಗಿನಿಂದ ಅವಳು ಅಲ್ಲೇ ಇದ್ದಳೆಂದು ತಂಗಿಗೆ ಈಗ ಹೊಳೆಯಿತು. ಅಷ್ಟು ಜನ ಕತೆ ಹೇಳಿದರೂ ಇವಳೊಬ್ಬಳು ಬಾಯಿ ತೆರೆದಿರಲಿಲ್ಲ.

"ಇನ್ನೂ ಹೋಗ್ಲಿಲ್ವೇನಮ್ಮಾ?" ಎಂದ ಭಾವ. ತಂಗಿಯ ಕಡೆ ತಿರುಗಿ, "ನಿಮ್ಮಕ್ಕನ ಹತ್ರ ಬರ್ತಿದ್ದ ಹುಡುಗಿ. ಮುಂದಿನ ವಾರ ಪರೀಕ್ಷೆ. ಇವಳದು ಮಾತ್ರ ಯಾವ ದಾರಿ ಅಂತ ಅವಳಿಗೆ ಸಿಕ್ಕಿರ್ಲಿಲ್ಲ. ಮೊನ್ನೆನೂ ಅದನ್ನೇ ಯೋಚನೆ ಮಾಡ್ತಾ ಊಟ ಬಿಟ್ಟಿದ್ಲು," ಎಂದ.

"ಏನೇನು ಮಾಡ್ಸಿದ್ಲು?" ಎಂದು ತಂಗಿ ಹುಡುಗಿಯನ್ನು ಕೇಳಿದಳು.

"ಹಾಡಿದೆ. ನಡೆದೆ. ಚಿತ್ರ ಬರೆದೆ. ಜಗಳಾನೂ ಆಡಿದೆ," ಎಂದಳು ಹುಡುಗಿ. "ಮಾಡ್ತಾ ಮಾಡ್ತಾ ಓದಿದ್ದೂ ಮರ್ತೋಗುತ್ತೆ ಆಂಟಿ. ಅಕ್ಕಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಸುಮ್ನೆ ಕೂತು ಓದಿದ್ಯಾ?"

"ಇಲ್ಲಿ ಯಾರೂ ಸುಮ್ನೆ ಕೂರಲ್ಲ."

"ಕೂರಲ್ಲ," ಎಂದಳು ತಂಗಿ. "ಅವಳಿಗೆ ಅದು ಬರ್ತಿರ್ಲಿಲ್ಲ." ಹೇಳುವಾಗ ನಾಲಿಗೆಗೆ ಸಿಹಿ ತಗುಲಿತು. ಅಷ್ಟು ಜನರ ಅಕ್ಕನಿಗೆ ಬಾರದ್ದು ಒಂದಾದರೂ ಇತ್ತಲ್ಲ. "ಪುಸ್ತಕ ತೆಗಿ."

"ಈಗಾ?"

"ಈಗಲೇ."

ಹುಡುಗಿ ಭಾವನ ಮುಖ ನೋಡಿದಳು. "ಕೂತ್ಕೊಳ್ಳಮ್ಮ," ಎಂದ ಭಾವ. "ಅವಳಿದ್ದಿದ್ರೂ ಇದನ್ನೇ ಹೇಳ್ತಿದ್ಲು."

"ಹೇಳ್ತಿರ್ಲಿಲ್ಲ," ಎಂದು ತಂಗಿ ಸಿಡುಕಿದಳು. "ಅವಳು ಎದ್ದು ಕುಣಿ ಅಂತಿದ್ಲು."

ಭಾವ ಒಳಗೆ ಹೋದ. ತಂಗಿ ಹುಡುಗಿಯ ಪಕ್ಕ ಕೂತು ಪುಸ್ತಕವನ್ನು ಇಬ್ಬರ ತೊಡೆಗೂ ತಾಗುವಂತೆ ಬಿಡಿಸಿಟ್ಟಳು. "ತುಟಿ ಅಲ್ಲಾಡಿಸ್ಬೇಡ. ಕೈ ಕಾಲು ಆಡಿಸ್ಬೇಡ. ನೆನಪಿಟ್ಕೋಬೇಕು ಅಂತಾನೂ ಅನ್ಕೋಬೇಡ. ಬರೀ ನೋಡು. ಮುಗಿದಾಗ ಹೇಳು, ತಿರುಗಿಸ್ತೀನಿ."

ಇಬ್ಬರೂ ಓದತೊಡಗಿದರು. ಒಳಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ತಂಗಿ ಪ್ರೆಸ್ಸಿನ ಅಭ್ಯಾಸದಂತೆ ಒಂದು ಅಲ್ಪವಿರಾಮವನ್ನೂ ಬಿಡದೆ ಮೇಲಿನಿಂದ ಕೆಳಗೆ ಬರುತ್ತಿದ್ದಳು. ಅರ್ಧ ಪುಟಕ್ಕೆ ಬಂದಿರಬೇಕು, ಹುಡುಗಿ "ಆಯ್ತು" ಎಂದಳು.

ತಂಗಿ ನಂಬಲಿಲ್ಲ. ಪುಸ್ತಕ ಮುಚ್ಚಿ, "ಹೇಳು ನೋಡೋಣ," ಎಂದಳು.

ಹುಡುಗಿ ಕಣ್ಣು ಮುಚ್ಚಿ ಹೇಳತೊಡಗಿದಳು. ಮೊದಲು ತಡವರಿಸಿ, ಆಮೇಲೆ ತಡೆಯಿಲ್ಲದೆ, ತಂಗಿ ಇನ್ನೂ ಓದಿರದ ಸಾಲುಗಳನ್ನೂ ದಾಟಿ ಪುಟದ ಕೊನೆಯವರೆಗೆ. ಕಣ್ಣು ಬಿಟ್ಟಾಗ ಅವಳಿಗೇ ಆಶ್ಚರ್ಯವಾಗಿತ್ತು. ಪುಸ್ತಕವನ್ನು ತಾನೇ ಎಳೆದು ಬಿಡಿಸಿ ಎದುರಿನ ಪುಟವನ್ನೂ ಓದಿ, ಹಾಳೆಯ ಮೂಲೆಗೆ ಬೆರಳು ತೂರಿಸಿ ಅದನ್ನು ಆಗಲೇ ಮೇಲೆತ್ತುತ್ತಿದ್ದಳು.

"ತಡಿ," ಎಂದಳು ತಂಗಿ. ಹಾಳೆಯ ಮೇಲೆ ಅಂಗೈ ಊರಿ ಒತ್ತಿ ಹಿಡಿದು, ಬಾಕಿ ಉಳಿದ ಸಾಲುಗಳ ಮೇಲೆ ಅವಸರ ಅವಸರವಾಗಿ ಕಣ್ಣು ಓಡಿಸತೊಡಗಿದಳು.